ಹಳೆಯ ಮಾರುತಿ 800ರ ತುಕ್ಕು: ಪುಟ್ಟಿ ಮೆತ್ತುವ ಮೊದಲು ಇದನ್ನು ಓದಿ

ಮಳೆಗಾಲ ಮುಗಿಯುತ್ತಿದ್ದ ಹಾಗೆ ಈ ಪ್ರಶ್ನೆಗಳು ಶುರುವಾಗುತ್ತವೆ. "ಹಿಂದಿನ ಚಕ್ರದ ಮೇಲೆ ಬಣ್ಣ ಉಬ್ಬಿದೆ, ಏನು ಮಾಡಲಿ?" "ಹೋದ ವರ್ಷ ತಾನೇ ಟಿಂಕರಿಂಗ್ ಮಾಡಿಸಿದ್ದೆ, ಮತ್ತೆ ಅದೇ ಜಾಗದಲ್ಲಿ ತುಕ್ಕು ಬಂತು, ಯಾಕೆ?" ಮಂಗಳೂರು, ಉಡುಪಿ, ಕಾರವಾರದ ಕಡೆಯವರು ಜಾಸ್ತಿ ಕೇಳುತ್ತಾರೆ. ಸಾಗರ, ತೀರ್ಥಹಳ್ಳಿ, ಮಡಿಕೇರಿಯವರೂ ಕಡಿಮೆಯೇನಿಲ್ಲ. ಹೆಚ್ಚಿನವರದು ಮಾರುತಿ 800.

ಈ ಕಾರು ರಸ್ತೆಗೆ ಇಳಿದಿದ್ದು 1983ರ ಡಿಸೆಂಬರಿನಲ್ಲಿ. ತಯಾರಿಕೆ ನಿಂತಿದ್ದು 2014ರ ಜನವರಿಯಲ್ಲಿ. ಕಟ್ಟಕಡೆಗೆ ಬಂದ ಗಾಡಿಗೂ ಈಗ ಹತ್ತು ವರ್ಷ ದಾಟಿದೆ. ಇಂಜಿನ್ ಕೆಟ್ಟರೆ ರಿಪೇರಿ ಮಾಡಿಸಬಹುದು, ಬಿಡಿಭಾಗ ಇವತ್ತಿಗೂ ಸಿಗುತ್ತವೆ. ಬಾಡಿ ಲಡ್ಡಾದರೆ ಮಾತ್ರ ಗಾಡಿಯ ಕತೆ ಮುಗಿದ ಹಾಗೆ. ಯಾಕೆಂದರೆ ಇದಕ್ಕೆ ಜೀಪಿಗೋ ಲಾರಿಗೋ ಇರುವಂಥ ಬೇರೆ ಚಾಸಿ ಇಲ್ಲ. ತಗಡಿನ ಬಾಡಿಯೇ ಇದರ ಚಾಸಿ. ಇಂಥ ಕಟ್ಟಡಕ್ಕೆ ಮಾನೋಕಾಕ್ ಅನ್ನುತ್ತಾರೆ.

ಈ ಲೇಖನ 800ನ್ನೇ ಇಟ್ಟುಕೊಂಡು ಬರೆದದ್ದು. ಅಂಬಾಸಿಡರ್, ಪದ್ಮಿನಿ, ಹಳೆಯ ಝೆನ್ ಇಟ್ಟುಕೊಂಡವರಿಗೂ ಕೆಲಸದ ಕ್ರಮ ಇದೇ.

ಮೊದಲೇ ಒಂದು ವಿಷಯ ತಲೆಯಲ್ಲಿರಲಿ. ಹಳೆಯ ಗಾಡಿಯಲ್ಲಿ ತುಕ್ಕು ಹೊರಗಿಂದ ಒಳಗೆ ಹೋಗುವುದಕ್ಕಿಂತ ಒಳಗಿಂದ ಹೊರಗೆ ಬರುವುದೇ ಹೆಚ್ಚು. ನೀವು ನೋಡುವ ಗುಳ್ಳೆ ಅದರ ಕೊನೆಯ ಹಂತ. ಹೊರಗಿನ ಗುಳ್ಳೆ ಉಜ್ಜಿ, ಪುಟ್ಟಿ ಮೆತ್ತಿ, ಬಣ್ಣ ಹೊಡೆದರೆ ಅದು ಗೆದ್ದಲು ತಿಂದ ಚೌಕಟ್ಟಿಗೆ ಪಾಲಿಶ್ ಹಾಕಿದ ಹಾಗೆ. ಒಂದು ಮಳೆಗಾಲ ತಡೆದರೆ ಹೆಚ್ಚು. ಆದ್ದರಿಂದ ಇಲ್ಲಿ ಪ್ರತಿ ಹಂತದಲ್ಲೂ ತಗಡಿನ ಹಿಂಬದಿಯ ಮಾತು ಬರುತ್ತದೆ.

ಯಾವಾಗ ಮಾಡಬೇಕು?

ಡಿಸೆಂಬರಿನಿಂದ ಮಾರ್ಚ್ ಒಳಗೆ. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ಹೊತ್ತಿನಲ್ಲಿ ಬಣ್ಣ ಕೆರೆದ ತಗಡನ್ನು ಒಂದು ರಾತ್ರಿ ಬಿಟ್ಟರೆ ಬೆಳಗ್ಗೆ ಕೇಸರಿ ಬಣ್ಣಕ್ಕೆ ತಿರುಗಿರುತ್ತದೆ. ಬೇಸಿಗೆಯಲ್ಲೂ ಇಬ್ಬನಿ ಆರಿದ ಮೇಲೆ, ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರ ಒಳಗೆ ಪ್ರೈಮರ್ ಮತ್ತು ಬಣ್ಣದ ಕೆಲಸ ಇಟ್ಟುಕೊಳ್ಳಿ.

ಬೇಕಾಗುವ ಸಾಮಾನು

ಆಂಗಲ್ ಗ್ರೈಂಡರ್, ಅದಕ್ಕೆ ವೈರ್ ಕಪ್ ಬ್ರಷ್, ಫ್ಲ್ಯಾಪ್ ಡಿಸ್ಕ್ ಮತ್ತು ತೆಳುವಾದ ಕಟಿಂಗ್ ಡಿಸ್ಕ್. ತಗಡು ಕತ್ತರಿ. 80ರಿಂದ 2000ದವರೆಗಿನ ಉಪ್ಪು ಕಾಗದ. ನಂಬರ್ ಸಣ್ಣದಾದಷ್ಟೂ ಒರಟು, ದೊಡ್ಡದಾದಷ್ಟೂ ನಯ. ರಸ್ಟ್ ಕನ್ವರ್ಟರ್, ಎಪಾಕ್ಸಿ ಪ್ರೈಮರ್, ಪಾಲಿಯೆಸ್ಟರ್ ಪುಟ್ಟಿ, ಸೀಮ್ ಸೀಲರ್, ಕ್ಯಾವಿಟಿ ವ್ಯಾಕ್ಸ್. ಇವೆಲ್ಲ ಏನೆಂದು ಆಯಾ ಜಾಗದಲ್ಲಿ ಹೇಳುತ್ತೇನೆ. ಒರೆಸಲು ಥಿನ್ನರ್, ಬನಿಯನ್ ವೇಸ್ಟ್. ತೇಪೆಗೆ 20 ಅಥವಾ 22 ಗೇಜಿನ ಸಿಆರ್‌ಸಿಎ ಶೀಟ್, ಅಂದರೆ ಕಾರಿನ ಬಾಡಿಗೆ ಬಳಸುವಂಥ ನಯವಾದ ಉಕ್ಕಿನ ತಗಡು. ದಪ್ಪ ಹೆಚ್ಚುಕಡಿಮೆ 0.7ರಿಂದ 0.9 ಮಿಲಿಮೀಟರ್.

ಕೊಟ್ಟಿಗೆಯಲ್ಲಿ ಉಳಿದಿರುವ ಜಿಐ ಶೀಟ್ ಸಾಕಲ್ವಾ ಅಂತ ಕೆಲವರು ಕೇಳುತ್ತಾರೆ. ಬೇಡ. ಅದರ ಮೇಲೆ ಸತುವಿನ ಲೇಪ ಇರುತ್ತದೆ. ವೆಲ್ಡಿಂಗ್ ಮಾಡುವಾಗ ಅದು ಹೊಗೆಯಾಗಿ ಏಳುತ್ತದೆ. ಆ ಹೊಗೆ ಕುಡಿದರೆ ಚಳಿ ಜ್ವರ, ಮೈಕೈ ನೋವು ಬರುತ್ತದೆ.

ಇನ್ನು ಸುರಕ್ಷತೆ. ಕಣ್ಣಿಗೆ ಮುಚ್ಚಿದ ಕನ್ನಡಕ, ಕೈಗೆ ಚರ್ಮದ ಗ್ಲೌಸ್. ಗ್ರೈಂಡರ್‌ನ ಗಾರ್ಡ್ ಯಾವ ಕಾರಣಕ್ಕೂ ಬಿಚ್ಚಬೇಡಿ. ಧೂಳಿಗೆ ಎನ್95 ಮಾಸ್ಕ್ ಸಾಕು. ಹಾರ್ಡ್‌ನರ್ ಬೆರೆಸುವ ಟೂಕೆ ಬಣ್ಣಕ್ಕೆ ಅದು ಸಾಲದು. ಆ ಹಾರ್ಡ್‌ನರ್‌ನಲ್ಲಿ ಐಸೊಸೈನೇಟ್ ಎಂಬ ರಾಸಾಯನಿಕ ಇರುತ್ತದೆ, ಅದರಿಂದ ಆಸ್ತಮಾ ಬರಬಹುದು. ಕರವಸ್ತ್ರ ಕಟ್ಟಿಕೊಂಡು ಸ್ಪ್ರೇ ಮಾಡುವವರನ್ನು ನೋಡಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಹೊಗೆ ತಡೆಯುವ ಕಾರ್ಟ್ರಿಜ್ ಇರುವ ಮಾಸ್ಕ್ ಹಾಕಿಕೊಳ್ಳಿ, ಜಾಗ ಗಾಳಿಯಾಡುವಂತಿರಲಿ. ಅದು ಆಗದಿದ್ದರೆ ಸ್ಪ್ರೇ ಕೆಲಸವನ್ನು ಪೇಂಟರ್‌ಗೆ ಬಿಡಿ.

ಹಂತ 1: ಎಲ್ಲೆಲ್ಲಿ, ಎಷ್ಟು ತಿಂದಿದೆ ನೋಡಿ

ಗಾಡಿ ತೊಳೆದು ಒಣಗಿಸಿ. ಚಕ್ರ ಬಿಚ್ಚಿ, ಜ್ಯಾಕ್ ಮೇಲೆ ಮಾತ್ರ ನಿಲ್ಲಿಸದೆ ಸ್ಟ್ಯಾಂಡ್ ಕೊಡಿ. ಡಿಕ್ಕಿಯ ಮ್ಯಾಟ್, ಒಳಗಿನ ಕಾರ್ಪೆಟ್ ಎಲ್ಲ ಎತ್ತಿ.

800ರಲ್ಲಿ ನೋಡಬೇಕಾದ ಜಾಗಗಳು ಹೆಚ್ಚು ಕಡಿಮೆ ಗೊತ್ತಿರುವಂಥವೇ. ಹಿಂದಿನ ಚಕ್ರದ ಮೇಲಿನ ಕಮಾನು. ಬಾಗಿಲುಗಳ ಕೆಳ ಅಂಚು. ಬಾಗಿಲಿನ ಕೆಳಗೆ ಉದ್ದಕ್ಕೆ ಹೋಗುವ ರನ್ನಿಂಗ್ ಬೋರ್ಡ್. ಮುಂದಿನ ಸೀಟಿನವರು ಕಾಲಿಡುವ ನೆಲ. ಗಾಜಿನ ಬೀಡಿಂಗ್ ಅಡಿ. ಬ್ಯಾಟರಿ ಕೂರುವ ತಟ್ಟೆ. ಡಿಕ್ಕಿಯ ಮೂಲೆಗಳು.

ಬೆರಳ ಗಂಟಿನಿಂದ ತಟ್ಟುತ್ತಾ ಹೋಗಿ. ಗಟ್ಟಿ ತಗಡು ಟಣ್ ಅನ್ನುತ್ತದೆ. ಪುಟ್ಟಿ ತುಂಬಿದ ಜಾಗ ದಬ್ ಅನ್ನುತ್ತದೆ. ಅನುಮಾನ ಬಂದರೆ ಸಣ್ಣ ಅಯಸ್ಕಾಂತಕ್ಕೆ ತೆಳು ಬಟ್ಟೆ ಸುತ್ತಿ ಹಿಡಿದು ನೋಡಿ. ಬಾಗಿಲಿನ ನಡುವೆ ಗಬಕ್ಕನೆ ಕಚ್ಚಿಕೊಳ್ಳುವ ಅಯಸ್ಕಾಂತ ಕೆಳ ಅಂಚಿನಲ್ಲಿ ಜಾರಿ ಬಿದ್ದರೆ, ಅಲ್ಲಿ ಯಾರೋ ಹಿಂದೆಯೇ ಪುಟ್ಟಿ ಮೆತ್ತಿದ್ದಾರೆ ಎಂದರ್ಥ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವಾಗಲೂ ಇದು ಕೆಲಸಕ್ಕೆ ಬರುವ ಪರೀಕ್ಷೆ.

ಆಮೇಲೆ ಸ್ಕ್ರೂಡ್ರೈವರ್. ಗುಳ್ಳೆ ಎದ್ದ ಜಾಗವನ್ನು ಅದರ ತುದಿಯಿಂದ ಒತ್ತಿ. ಬಣ್ಣ ಚಿಪ್ಪಾಗಿ ಏಳುತ್ತದೆ, ಅಡಿಯಲ್ಲಿ ಕಂದು ಪುಡಿ. ಪುಡಿ ಕೆರೆದ ಮೇಲೆ ಗಟ್ಟಿ ಲೋಹ ತಗುಲಿದರೆ ಅದು ಮೇಲ್ಮೈ ತುಕ್ಕು. ಸಣ್ಣ ಸಣ್ಣ ಕಪ್ಪು ಗುಳಿ ಕಂಡರೆ ತುಕ್ಕು ಆಳಕ್ಕೆ ಇಳಿದಿದೆ, ಆದರೂ ತಗಡು ಉಳಿದಿದೆ. ತುದಿ ಒಳಗೇ ಹೋಗಿಬಿಟ್ಟರೆ ತಗಡೇ ಇಲ್ಲ. ಮೊದಲ ಎರಡಕ್ಕೆ ಕೆರೆದು ಪ್ರೈಮರ್ ಹಾಕುವ ಕೆಲಸ ಸಾಕು. ಮೂರನೆಯದಕ್ಕೆ ಕತ್ತರಿಸಿ ತೇಪೆ ಹಾಕಲೇಬೇಕು.

ಗುಳ್ಳೆ ಕಾಳಿನಷ್ಟಿದ್ದರೆ ಅಡಿಯ ಹಾಳು ಅಂಗೈಯಷ್ಟಿರುತ್ತದೆ ಅಂತ ಎಣಿಸಿಯೇ ಕೈ ಹಾಕಿ. ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಹಲವು ಪಟ್ಟು ಹಿಗ್ಗುತ್ತದೆ. ಬಣ್ಣವನ್ನು ಮೇಲಕ್ಕೆ ತಳ್ಳುವುದೂ, ಎರಡು ತಗಡು ಸೇರುವ ಬೆಸುಗೆಯ ಸಂದನ್ನು ಬಿರಿಯುವಂತೆ ಮಾಡುವುದೂ ಅದೇ.

ಇದನ್ನು ಮಾತ್ರ ಮನೆಯಲ್ಲಿ ಮಾಡಬೇಡಿ

ಸಸ್ಪೆನ್ಷನ್ ಬೋಲ್ಟ್ ಆಗುವ ಜಾಗ, ಸೀಟ್ ಬೆಲ್ಟ್ ಕಚ್ಚಿರುವ ಜಾಗ, ಇಂಜಿನ್ ಹೊತ್ತ ಮೆಂಬರ್ (ತೊಲೆ), ಜ್ಯಾಕ್ ಕೊಡುವ ಜಾಗ ಇಷ್ಟರಲ್ಲಿ ತೂತು ಕಂಡರೆ ಒಳ್ಳೆಯ ಬಾಡಿ ಶಾಪಿಗೇ ಕೊಡಿ. ರನ್ನಿಂಗ್ ಬೋರ್ಡ್ ಪೂರ್ತಿ ಹೋಗಿದ್ದರೂ ಅಷ್ಟೇ. ಅದು ಬರೀ ಅಂದಕ್ಕೆ ಇರುವುದಲ್ಲ, ಗಾಡಿಯ ನಡುವನ್ನು ಹಿಡಿದಿರುವುದೇ ಅದು. ಆಸರೆ ಕೊಡದೆ ಕತ್ತರಿಸಿದರೆ ಬಾಡಿ ತುಸು ಜಗ್ಗುತ್ತದೆ. ಆಮೇಲೆ ಬಾಗಿಲು ಸರಿಯಾಗಿ ಹಾಕಿಕೊಳ್ಳುವುದಿಲ್ಲ. ತಗಡು ಬೆಸೆದಾದ ಮೇಲೆ ಅದನ್ನು ಸರಿಮಾಡುವುದು ದೊಡ್ಡ ತಲೆನೋವು.

ಇನ್ನೊಂದು ಎಚ್ಚರಿಕೆ. ಚಾಸಿ ನಂಬರ್ ಒತ್ತಿರುವ ಜಾಗದ ಹತ್ತಿರ ಗ್ರೈಂಡರ್ ಒಯ್ಯಬೇಡಿ, ಅದರ ಮೇಲೆ ಪುಟ್ಟಿ ಮೆತ್ತಬೇಡಿ. ಖಾಸಗಿ ಕಾರಿನ ಆರ್‌ಸಿಗೆ ಮೊದಲು 15 ವರ್ಷ, ಆಮೇಲೆ ಪ್ರತಿ ಸಲ 5 ವರ್ಷದ ನವೀಕರಣ. ಆರ್‌ಟಿಒ ತಪಾಸಣೆಯಲ್ಲಿ ಆ ನಂಬರ್ ಓದಲು ಬರದಿದ್ದರೆ ದೊಡ್ಡ ರಗಳೆ. ಗಾಡಿಯ ಬಣ್ಣವನ್ನೇ ಬದಲಿಸುವುದಾದರೆ ಅದೂ ಆರ್‌ಸಿಯಲ್ಲಿ ದಾಖಲಾಗಬೇಕು.

ಹಂತ 2: ನೀರು ಬರುವ ದಾರಿ ಹಿಡಿಯಿರಿ

ಹೆಚ್ಚಿನವರು ಬಿಟ್ಟುಬಿಡುವುದು ಈ ಹಂತವನ್ನೇ. ತುಕ್ಕು ಯಾಕೆ ಬಂತು ಅಂತ ಗೊತ್ತಾಗದೆ ಡಿಸ್ಕ್ ತಿರುಗಿಸಬೇಡಿ.

ಬಾಗಿಲಿನಿಂದ ಶುರುಮಾಡೋಣ. ಗಾಜಿನ ಹೊರಗಿನ ರಬ್ಬರ್ ಹಳೆಯದಾದ ಮೇಲೆ ಮಳೆನೀರು ಬಾಗಿಲಿನ ಹೊಟ್ಟೆಯೊಳಗೆ ಇಳಿದೇ ಇಳಿಯುತ್ತದೆ. ಹೊಸ ಗಾಡಿಯಲ್ಲೂ ಅಷ್ಟಿಷ್ಟು ಇಳಿಯುತ್ತದೆ. ಅದಕ್ಕಾಗಿಯೇ ಬಾಗಿಲಿನ ತಳದಲ್ಲಿ ಸಣ್ಣ ಕಂಡಿಗಳಿವೆ, ಬಂದ ನೀರು ಅಲ್ಲಿಂದ ಹೋಗಬೇಕು. ಕೆಂಪು ಮಣ್ಣು, ಎಲೆಯ ಚೂರು, ರಬ್ಬರಿನ ಪುಡಿ ಸೇರಿ ಕಂಡಿ ಕಟ್ಟಿಕೊಂಡರೆ ಬಾಗಿಲು ನೀರು ತುಂಬಿಕೊಂಡು ಕೂರುತ್ತದೆ. ಸೈಕಲ್ ಕಡ್ಡಿಯೊಂದನ್ನು ತೆಗೆದುಕೊಂಡು ಪ್ರತಿ ಕಂಡಿಗೂ ಆಡಿಸಿ. ಎಷ್ಟೋ ಸಲ ಕಡ್ಡಿ ಎಳೆದ ಕೂಡಲೇ ಕಂದು ನೀರು ಧಾರೆಯಾಗಿ ಇಳಿಯುತ್ತದೆ. ಬಾಗಿಲು ಯಾಕೆ ಕೊಳೆಯಿತು ಎಂಬ ಪ್ರಶ್ನೆಗೆ ಅಲ್ಲೇ ಉತ್ತರ ಸಿಕ್ಕಿತು. ರನ್ನಿಂಗ್ ಬೋರ್ಡಿನ ತಳದ ಕಂಡಿಗಳನ್ನೂ ಇದೇ ರೀತಿ ಬಿಡಿಸಿ.

ಬಾಗಿಲಿನ ಒಳಗಿನ ಪ್ಯಾಡ್ ಬಿಚ್ಚಿದರೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತದೆ. ಬಾಗಿಲಿನ ನೀರು ಕಾರಿನೊಳಕ್ಕೆ ಬರದಂತೆ ತಡೆಯುವುದು ಅದೇ. ಸ್ಪೀಕರ್ ಹಾಕಿದವರು, ಗಾಜು ರಿಪೇರಿ ಮಾಡಿದವರು ಅದನ್ನು ಹರಿದು ಬಿಸಾಡಿರುತ್ತಾರೆ. ಪ್ಯಾಡ್ ಉಬ್ಬಿ, ಕಾರ್ಪೆಟ್ ಒದ್ದೆಯಾಗಿ, ಕೊನೆಗೆ ನೆಲ ತೂತಾಗುತ್ತದೆ. ದಪ್ಪ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಹೊಸದಾಗಿ ಅಂಟಿಸಿ.

ನೆಲಕ್ಕೆ ನೀರು ಬರಲು ಇನ್ನೂ ದಾರಿಗಳಿವೆ. ಮುಂದಿನ ಗಾಜಿನ ಬೀಡಿಂಗ್ ಒಣಗಿ ಬಿರುಕು ಬಿಟ್ಟಿರಬಹುದು. ಎಸಿ ಇದ್ದರೆ ಅದರ ನೀರು ಹೋಗುವ ಪೈಪ್ ಕಟ್ಟಿರಬಹುದು. ಡಿಕ್ಕಿಗಾದರೆ ಹಿಂದಿನ ಲೈಟಿನ ಗ್ಯಾಸ್ಕೆಟ್ ಮೇಲೆ ನನಗೆ ಮೊದಲ ಅನುಮಾನ. ಎಲ್ಲಿಂದ ಅಂತ ಹಿಡಿಯಲು ಸುಲಭ ಉಪಾಯ: ಅನುಮಾನದ ಜಾಗದಲ್ಲಿ ಒಳಗಡೆ ಪೌಡರ್ ಉದುರಿಸಿ. ಒಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡಲಿ, ಕೆಳಗಿನಿಂದ ಶುರುಮಾಡಿ ನಿಧಾನವಾಗಿ ಮೇಲಕ್ಕೆ. ನೀವು ಟಾರ್ಚ್ ಹಿಡಿದು ಒಳಗೆ ಕುಳಿತಿರಿ. ಪೌಡರ್ ಮೇಲೆ ನೀರಿನ ಗೆರೆ ಎಲ್ಲಿಂದ ಮೂಡಿತೋ ಅದೇ ದಾರಿ.

ಚಕ್ರದ ಕಮಾನಿನ ಕತೆ ಬೇರೆ. ಅಲ್ಲಿ ಒಳಮಡಿಕೆಯ ಅಂಚಿನ ಮೇಲೆ ಕೆಸರು ಕೂತು, ಬೇಸಿಗೆಯಲ್ಲೂ ತೇವ ಹಿಡಿದಿಟ್ಟಿರುತ್ತದೆ. ಕಡಲ ಹತ್ತಿರದ ಊರಾದರೆ ಉಪ್ಪಿನಂಶವೂ ಸೇರುತ್ತದೆ. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುವುದರಿಂದ ತುಕ್ಕು ನಿಲ್ಲುವುದೇ ಇಲ್ಲ. ಆ ಮಡಿಕೆಯನ್ನು ಬೆರಳು ಹಾಕಿ ತೊಳೆಯುವುದು ಬಿಟ್ಟರೆ ಬೇರೆ ದಾರಿ ಇಲ್ಲ.

ಹಂತ 3: ತುಕ್ಕು ಕೆರೆಯಿರಿ

ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ. ಹತ್ತಿರದ ಗಾಜಿನ ಮೇಲೆ ದಪ್ಪ ಒದ್ದೆ ಬಟ್ಟೆ ಹೊದಿಸಿ. ಗ್ರೈಂಡರ್ ಕಿಡಿ ಗಾಜಿಗೆ ತಗುಲಿದರೆ ಕಲೆ ಕೂತುಬಿಡುತ್ತದೆ, ಯಾವ ಪಾಲಿಶಿಗೂ ಹೋಗುವುದಿಲ್ಲ.

ಮೊದಲು ವೈರ್ ಕಪ್ ಬ್ರಷ್‌ನಿಂದ ಸಡಿಲ ತುಕ್ಕು, ಬಣ್ಣ ತೆಗೆಯಿರಿ. ಆಮೇಲೆ 80ರ ಫ್ಲ್ಯಾಪ್ ಡಿಸ್ಕ್. ಗುಳ್ಳೆಯ ಸುತ್ತ ಕನಿಷ್ಠ ಎರಡು ಮೂರು ಸೆಂಟಿಮೀಟರ್ ಹೊಳೆಯುವ ಲೋಹ ಕಾಣುವ ತನಕ ಹೋಗಿ. ಬಣ್ಣದ ಅಡಿಯಲ್ಲಿ ಕಂದು ಗೆರೆ ಇನ್ನೂ ಮುಂದೆ ಹೋಗಿದ್ದರೆ ನೀವೂ ಅದರ ಹಿಂದೆ ಹೋಗಿ. "ಇಷ್ಟು ಸಾಕು, ಬಣ್ಣ ಜಾಸ್ತಿ ಖರ್ಚಾಗುತ್ತೆ" ಅನ್ನಿಸುವುದು ಸಹಜ. ಅಲ್ಲಿ ನಿಲ್ಲಿಸಿದರೆ ಮತ್ತೆ ಗುಳ್ಳೆ ಏಳುವುದೂ ಅಲ್ಲೇ.

ಗ್ರೈಂಡರನ್ನು ಒಂದೇ ಜಾಗದಲ್ಲಿ ಒತ್ತಿ ಹಿಡಿಯಬೇಡಿ. ತಗಡು ಒಂದು ಮಿಲಿಮೀಟರೂ ಇಲ್ಲ. ನೀಲಿ ಬಣ್ಣಕ್ಕೆ ತಿರುಗಿತು ಅಂದರೆ ಕಾವು ಜಾಸ್ತಿಯಾಗಿದೆ, ತಗಡು ಅಲೆಯಲೆಯಾಗಿ ಸೊಟ್ಟಗಾಗುತ್ತದೆ.

ಗುಳಿಗಳ ಆಳದಲ್ಲಿ ಕಪ್ಪು ಚುಕ್ಕೆ ಉಳಿದೇ ಉಳಿಯುತ್ತವೆ. ರಸ್ಟ್ ಕನ್ವರ್ಟರ್ ಬೇಕಾಗುವುದು ಅಲ್ಲಿಗೆ. ಇದರಲ್ಲಿ ಫಾಸ್ಫಾರಿಕ್ ಆಸಿಡ್ ಅಥವಾ ಟ್ಯಾನಿಕ್ ಆಸಿಡ್ ಇರುತ್ತದೆ. ಉಳಿದ ತುಕ್ಕಿನ ಜೊತೆ ಸೇರಿ ಅದನ್ನು ಮುಂದೆ ಹಬ್ಬದ ಕಪ್ಪು ಪದರವಾಗಿ ಮಾಡುತ್ತದೆ. ಬ್ರಷ್‌ನಿಂದ ತೆಳುವಾಗಿ ಹಚ್ಚಿ. ಕೆಲವನ್ನು ತೊಳೆಯಬೇಕು, ಕೆಲವನ್ನು ಒಣಗಲು ಬಿಡಬೇಕು. ಡಬ್ಬಿಯ ಮೇಲಿನ ಸೂಚನೆ ಓದಿ, ಹಾಗೇ ಮಾಡಿ. ಆಸಿಡ್ ಅಂಶ ಉಳಿದ ಲೋಹದ ಮೇಲೆ ಎಪಾಕ್ಸಿ ಪ್ರೈಮರ್ ಸರಿಯಾಗಿ ಹಿಡಿಯುವುದಿಲ್ಲ.

ಕನ್ವರ್ಟರ್ ಹಚ್ಚಿದರೆ ಕೆರೆಯುವ ಕೆಲಸ ಉಳಿಯಿತು ಅಂದುಕೊಳ್ಳಬೇಡಿ. ದಪ್ಪ ತುಕ್ಕಿನ ಮೇಲೆ ಸುರಿದರೆ ಅದು ಮೇಲಿನ ಪದರಕ್ಕಷ್ಟೇ ತಗಲುತ್ತದೆ. ಅಡಿಯ ತುಕ್ಕು ತನ್ನ ಪಾಡಿಗೆ ತಿನ್ನುತ್ತಲೇ ಇರುತ್ತದೆ.

ಹಂತ 4: ತೂತು ಬಿದ್ದಿದ್ದರೆ ಕತ್ತರಿಸಿ, ತೇಪೆ ಹಾಕಿ

ಈ ಮಾಹಿತಿಗೆ ಹುಡುಕುತ್ತಾ ಬಂದವರೇ ಜಾಸ್ತಿ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕತ್ತರಿಸುವ ಮೊದಲು ಒಂದು ಯೋಚನೆ. ಮುಂದಿನ ಫೆಂಡರ್, ಬಾನೆಟ್, ಬಾಗಿಲು ಇವು ಬೋಲ್ಟ್ ಬಿಚ್ಚಿದರೆ ಕೈಗೆ ಬರುತ್ತವೆ. ಇವು ಪೂರ್ತಿ ಹಾಳಾಗಿದ್ದರೆ ತೇಪೆ ಹಾಕುವುದಕ್ಕಿಂತ ಬದಲಿಸುವುದೇ ಲೇಸು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ, ಶಿವಾಜಿನಗರದ ಗುಜರಿಯಲ್ಲಿ, ನಿಮ್ಮೂರಿನ ಗುಜರಿ ಅಂಗಡಿಯಲ್ಲೂ ವಿಚಾರಿಸಿ. ಒಣ ಹವೆಯ ಊರಲ್ಲಿ ಓಡಿದ ಗಾಡಿಯ ಬಾಗಿಲು ಸಿಕ್ಕರೆ ಬಿಡಬೇಡಿ. ಹಿಂದಿನ ಕಮಾನು, ನೆಲ, ರನ್ನಿಂಗ್ ಬೋರ್ಡ್ ಬೆಸೆದು ಕೂರಿಸಿದವು. ತೇಪೆ ಬೇಕಾಗುವುದು ಅಲ್ಲಿಗೆ.

ಕ್ರಮ ಹೀಗೆ:

1. ಕೊಳೆತ ಭಾಗದ ಸುತ್ತ ಗಟ್ಟಿ ತಗಡು ಸಿಗುವಲ್ಲಿಗೆ ಮಾರ್ಕರ್‌ನಿಂದ ಗೆರೆ ಎಳೆಯಿರಿ. ಮೂಲೆಗಳು ದುಂಡಗಿರಲಿ. ಚೂಪು ಮೂಲೆಯಿಂದ ಮುಂದೆ ಬಿರುಕು ಹುಟ್ಟುತ್ತದೆ.

2. ಕತ್ತರಿಸುವ ಮೊದಲು ಹಿಂಬದಿಯಲ್ಲಿ ಏನಿದೆ ನೋಡಿ. ವೈರಿಂಗ್, ಬ್ರೇಕ್ ಪೈಪ್, ಪೆಟ್ರೋಲ್ ಪೈಪ್ ಕೆಳಗಡೆಯೇ ಓಡುತ್ತವೆ. 800ರ ಪೆಟ್ರೋಲ್ ಟ್ಯಾಂಕ್ ಇರುವುದು ಹಿಂಭಾಗದಲ್ಲಿ, ನೆಲದ ಅಡಿಗೆ. ಅದರ ಹತ್ತಿರ ಗ್ರೈಂಡಿಂಗ್, ವೆಲ್ಡಿಂಗ್ ಏನೇ ಇದ್ದರೂ ಟ್ಯಾಂಕ್ ಇಳಿಸಿ ದೂರ ಇಡಲೇಬೇಕು. ಖಾಲಿ ಟ್ಯಾಂಕಿನಲ್ಲಿ ಭಯವಿಲ್ಲ ಎಂದುಕೊಳ್ಳಬೇಡಿ, ಉಳಿದ ಆವಿಯೇ ಸಿಡಿಯುತ್ತದೆ.

3. ಕತ್ತರಿಸಿ ತೆಗೆದ ಮೇಲೆ ತೂತಿನೊಳಗೆ ಟಾರ್ಚ್ ಹಾಕಿ. ಕಮಾನಿನ ಹೊರ ತಗಡಿನ ಹಿಂದೆ ಒಳ ತಗಡೊಂದಿದೆ. ಅದೂ ಕೊಳೆತಿದ್ದರೆ ಮೊದಲು ಅದರ ತೇಪೆ, ಆಮೇಲೆ ಹೊರಗಿನದು. ಒಳಗಿನದನ್ನು ಕೆರೆದು ಪ್ರೈಮರ್ ಹಾಕಲು ಇದಕ್ಕಿಂತ ಒಳ್ಳೆಯ ಅವಕಾಶ ಮತ್ತೆ ಸಿಗುವುದಿಲ್ಲ.

4. ರಟ್ಟಿನ ಮೇಲೆ ತೂತಿನ ಅಳತೆ ತೆಗೆಯಿರಿ. ರಟ್ಟು ಸರಿಯಾಗಿ ಕೂತ ಮೇಲೆಯೇ ತಗಡು ಕತ್ತರಿಸಿ. ಕಮಾನಿನ ಬಾಗು ಬೇಕಾದರೆ ಪೈಪಿನ ಮೇಲಿಟ್ಟು ಮರದ ಸುತ್ತಿಗೆಯಿಂದ ಮೆಲ್ಲಗೆ ಬಡಿಯಿರಿ. ಇಲ್ಲಿ ಅವಸರ ಮಾಡಿದ್ದಕ್ಕೆಲ್ಲ ಮುಂದೆ ಪುಟ್ಟಿ ತುಂಬಬೇಕಾಗುತ್ತದೆ.

5. ತೇಪೆಯನ್ನು ಹೇಗೆ ಕೂರಿಸುವುದು? ಒಂದು ರೀತಿ, ಅಂಚಿಗೆ ಅಂಚು ಕೂರಿಸಿ ಬೆಸೆಯುವುದು. ಹೊರಗೆ ಕಾಣುವ ಜಾಗಕ್ಕೆ ಇದು ಚೆಂದ, ನೀರು ಕೂರಲು ಸಂದೂ ಇರುವುದಿಲ್ಲ. ಕೈ ಪಳಗಿರಬೇಕು ಅಷ್ಟೇ. ಇನ್ನೊಂದು, ಅಂಚನ್ನು ತಗಡಿನ ಮೇಲೆ ಒಂದು ಸೆಂಟಿಮೀಟರಿನಷ್ಟು ಹೊದಿಸಿ ಬೆಸೆಯುವುದು. ನೆಲಕ್ಕೆ ಇದು ಸಾಕು. ಆದರೆ ಎರಡು ತಗಡಿನ ನಡುವಿನ ಸಂದೇ ಮುಂದಿನ ತುಕ್ಕಿನ ಮನೆ. ಹೊದಿಸುವ ಭಾಗಕ್ಕೆ ಮೊದಲೇ ವೆಲ್ಡ್-ಥ್ರೂ ಪ್ರೈಮರ್ ಹೊಡೆಯಿರಿ. ಬೆಸುಗೆಯ ಕಾವಿಗೆ ಪೂರ್ತಿ ಸುಟ್ಟುಹೋಗದ ಸತುವಿನ ಪ್ರೈಮರ್ ಅದು.

6. ವೆಲ್ಡಿಂಗ್. ಗ್ರಿಲ್, ಗೇಟು ಮಾಡುವ ಕಡ್ಡಿ ವೆಲ್ಡಿಂಗ್ ಈ ತಗಡಿಗೆ ಆಗಿಬರುವುದಿಲ್ಲ, ತೂತಿನ ಪಕ್ಕ ಇನ್ನೊಂದು ತೂತಾಗುತ್ತದೆ. ಗ್ಯಾಸ್ ವೆಲ್ಡಿಂಗ್ ಹಳೆಯ ಟಿಂಕರ್‌ಗಳ ಕೈಯಲ್ಲಿ ಚೆನ್ನಾಗಿಯೇ ಬರುತ್ತದೆ, ಆದರೆ ಕಾವು ಹರಡಿ ತಗಡು ಸೊಟ್ಟಗಾಗುವ ಅಪಾಯ ಹೆಚ್ಚು. ಗ್ಯಾರೇಜುಗಳಲ್ಲಿ ಸಿಓಟು ವೆಲ್ಡಿಂಗ್ ಅನ್ನುವ ಮಿಗ್ ವೆಲ್ಡಿಂಗ್ ಸರಿ. 0.6 ಅಥವಾ 0.8 ಮಿಲಿಮೀಟರ್ ತಂತಿ ಇರಲಿ. ಉದ್ದಕ್ಕೆ ಎಳೆಯಬಾರದು. ಮೊದಲು ನಾಲ್ಕು ಕಡೆ ಚುಕ್ಕೆ ಹಾಕಿ. ಆಮೇಲೆ ಎರಡು ಮೂರು ಸೆಂಟಿಮೀಟರಿಗೊಂದು ಚುಕ್ಕೆ. ಒಂದು ಈ ಬದಿಗೆ ಹಾಕಿದರೆ ಮುಂದಿನದು ಎದುರು ಬದಿಗೆ. ಪಕ್ಕದ ತಗಡು ಕೈಯಿಂದ ಮುಟ್ಟುವಷ್ಟು ಆರಿದ ಮೇಲೆ ನಡುವಿನ ಜಾಗ ತುಂಬುತ್ತಾ ಬನ್ನಿ.

7. ಬೆಸುಗೆಯ ಉಬ್ಬನ್ನು ಫ್ಲ್ಯಾಪ್ ಡಿಸ್ಕ್‌ನಿಂದ ಮಟ್ಟ ಮಾಡಿ. ಸುತ್ತಲ ತಗಡು ತೆಳುವಾಗದಂತೆ ನೋಡಿಕೊಳ್ಳಿ.

ವೆಲ್ಡಿಂಗ್ ಮಾಡುವಾಗ ಬ್ಯಾಟರಿ ಬಿಚ್ಚಿರಲೇಬೇಕು. ಎಂಪಿಎಫ್‌ಐ ಗಾಡಿಯಾದರೆ, ಅಂದರೆ ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್ ಇರುವ ಗಾಡಿಯಾದರೆ, ಇಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಎಂನ ಕನೆಕ್ಟರನ್ನೂ ತೆಗೆಯಿರಿ. ಅರ್ತ್ ಕ್ಲಾಂಪ್ ಬೆಸೆಯುವ ಜಾಗದ ಹತ್ತಿರವೇ ಇರಲಿ. ಒಳಗಡೆ ನೆಲಕ್ಕೆ ಅಂಟಿಸಿದ ಡಾಂಬರಿನ ಹಾಳೆ, ಸೀಟಿನ ಸ್ಪಂಜು, ಕಾರ್ಪೆಟ್ ಎಲ್ಲ ತೆಗೆದಿರಬೇಕು. ಒಬ್ಬರು ಅಗ್ನಿಶಾಮಕ ಸಿಲಿಂಡರ್ ಹಿಡಿದು ಪಕ್ಕದಲ್ಲಿ ನಿಂತಿರಲಿ. ಕೆಲಸ ಮುಗಿದ ಮೇಲೂ ಅರ್ಧ ಗಂಟೆ ಗಾಡಿ ಬಿಟ್ಟು ಕದಲಬೇಡಿ. ಹೊಗೆಯಾಡುವ ಸ್ಪಂಜು ತಡವಾಗಿ ಹೊತ್ತಿಕೊಳ್ಳುತ್ತದೆ.

ವೆಲ್ಡಿಂಗ್ ನಿಮ್ಮ ಕೈಲಾಗದಿದ್ದರೆ ಇನ್ನೊಂದು ದಾರಿ ಇದೆ. ಇಲ್ಲಿಯ ತನಕದ ಕೆಲಸ ನೀವು ಮಾಡಿ, ತೇಪೆ ಸಿದ್ಧ ಮಾಡಿಟ್ಟು, ಬೆಸೆಯಲು ಮಾತ್ರ ಸಿಓಟು ಮಷೀನ್ ಇರುವ ಬಾಡಿ ಶಾಪಿಗೆ ಒಯ್ಯಿರಿ. ಖರ್ಚೂ ಕಡಿಮೆ, ತಗಡಿನ ಹಿಂಬದಿ ಹೇಗಿದೆ ಅಂತ ನಿಮಗೂ ಗೊತ್ತಿರುತ್ತದೆ.

ತೂತಿಗೆ ಎಂ-ಸೀಲ್, ಫೈಬರ್ ಬಟ್ಟೆ, ಜಾಲರಿ ಇಟ್ಟು ಪುಟ್ಟಿ ತುಂಬುವುದು, ಇವು ಯಾವುವೂ ರಿಪೇರಿ ಅಲ್ಲ. ಅಂಚಿನಲ್ಲಿ ಉಳಿದ ತುಕ್ಕು ಅವುಗಳ ಹಿಂದೆ ಆರಾಮಾಗಿ ಬೆಳೆಯುತ್ತದೆ.

ಹಂತ 5: ಪ್ರೈಮರ್, ಅದೇ ದಿನ

ಕೆರೆದ ಲೋಹವನ್ನು ಬರಿಗೈಯಿಂದ ಮುಟ್ಟಬೇಡಿ, ಬೆವರಿನಲ್ಲೂ ಉಪ್ಪಿದೆ. ಥಿನ್ನರ್ ಹಚ್ಚಿದ ಬಟ್ಟೆಯಿಂದ ಒರೆಸಿ, ಕೂಡಲೇ ಒಣ ಬಟ್ಟೆಯಿಂದ ಇನ್ನೊಮ್ಮೆ ಒರೆಸಿ. ಕತ್ತಲಾಗುವ ಮೊದಲು ಪ್ರೈಮರ್ ಬೀಳಬೇಕು.

ಯಾವ ಪ್ರೈಮರ್? ಗೇಟಿಗೆ ಹೊಡೆಯುವ ರೆಡ್ ಆಕ್ಸೈಡ್ ಸಾಲದು. ಹಾರ್ಡ್‌ನರ್ ಬೆರೆಸಿ ಹಚ್ಚುವ ಎಪಾಕ್ಸಿ ಪ್ರೈಮರ್ ತೆಗೆದುಕೊಳ್ಳಿ. ಅದು ಲೋಹಕ್ಕೆ ಗಟ್ಟಿಯಾಗಿ ಅಂಟುತ್ತದೆ, ನೀರನ್ನು ಬಹುಮಟ್ಟಿಗೆ ತಡೆಯುತ್ತದೆ. ಎರಡು ಕೋಟ್. ಕೈ ತಲುಪುವ ಕಡೆಯೆಲ್ಲ ಹಿಂಬದಿಗೂ ಎರಡು ಕೋಟ್.

ಹಂತ 6: ಪುಟ್ಟಿ

ಪುಟ್ಟಿ ಇರುವುದು ಸಣ್ಣ ತಗ್ಗು ತುಂಬಲು, ತೂತು ಮುಚ್ಚಲು ಅಲ್ಲ. ಎರಡು ಮೂರು ಮಿಲಿಮೀಟರಿಗಿಂತ ದಪ್ಪ ಬೇಕಾಯಿತು ಅಂದರೆ ತಗಡಿನ ಕೆಲಸ ಇನ್ನೂ ಬಾಕಿ ಇದೆ.

ಒಣಗಿದ ಎಪಾಕ್ಸಿಯನ್ನು 180ರ ಕಾಗದದಲ್ಲಿ ತುಸು ಒರಟು ಮಾಡಿ, ಅದರ ಮೇಲೆ ಪಾಲಿಯೆಸ್ಟರ್ ಪುಟ್ಟಿ ಹಾಕಿ. ಹಾರ್ಡ್‌ನರ್ ನೂರು ಗ್ರಾಮಿಗೆ ಎರಡು ಗ್ರಾಮಿನಷ್ಟು. ಬೇಗ ಒಣಗಲಿ ಅಂತ ಜಾಸ್ತಿ ಬೆರೆಸಿದರೆ ಮುಂದೆ ಬಣ್ಣದಲ್ಲಿ ಕಲೆ ಕಾಣಿಸಿಕೊಳ್ಳುತ್ತದೆ.

ಇನ್ನು ನಮ್ಮ ಗ್ಯಾರೇಜುಗಳಲ್ಲಿ ದಿನವೂ ಆಗುವ ತಪ್ಪು: ಪುಟ್ಟಿಯನ್ನು ನೀರು ಹಾಕಿ ಉಜ್ಜುವುದು. ಪಾಲಿಯೆಸ್ಟರ್ ಪುಟ್ಟಿ ನೀರು ಹೀರುತ್ತದೆ. ಆ ನೀರು ಬಣ್ಣದ ಅಡಿಯಲ್ಲಿ ಸಿಕ್ಕಿಹಾಕಿಕೊಂಡರೆ ಅಷ್ಟೆಲ್ಲ ಕಷ್ಟಪಟ್ಟು ಹೊರಗೆ ಹಾಕಿದ ತೇವವನ್ನು ನೀವೇ ಒಳಗಿಟ್ಟು ಮುಚ್ಚಿದ ಹಾಗಾಯಿತು. ಒಣ ಕಾಗದದಲ್ಲೇ ಉಜ್ಜಿ. 80, 120, 180, ಹೀಗೆ. ಮರದ ತುಂಡಿಗೆ ಕಾಗದ ಸುತ್ತಿಕೊಂಡರೆ ಮಟ್ಟ ಬರುತ್ತದೆ. ಬೆರಳಿನಿಂದ ಉಜ್ಜಿದರೆ ಬೆರಳಿನ ಗೆರೆ ಕೂರುತ್ತದೆ. ಧೂಳು ಏಳುತ್ತದೆ, ಮಾಸ್ಕ್ ಹಾಕಿ.

ಮಟ್ಟ ಬಂತಾ ಅಂತ ನೋಡಲು ಸ್ಪ್ರೇ ಡಬ್ಬಿಯಿಂದ ಕಪ್ಪು ಬಣ್ಣವನ್ನು ಮಂಜಿನ ಹಾಗೆ ಹಾರಿಸಿ, ಒಣಗಿದ ಮೇಲೆ ಉಜ್ಜಿ. ಕಪ್ಪು ಉಳಿದ ಜಾಗ ತಗ್ಗು.

ಹಂತ 7: ಬಣ್ಣ

ಪುಟ್ಟಿಯ ಮೇಲೆ ಟೂಕೆ ಸರ್ಫೇಸರ್ ಹೊಡೆಸಿ. ಪುಟ್ಟಿಯ ಸಣ್ಣ ರಂಧ್ರ ಮುಚ್ಚುವ ದಪ್ಪ ಪ್ರೈಮರ್ ಅದು. ಪೂರ್ತಿ ಒಣಗಿದ ಮೇಲೆ 400, 600ರ ವಾಟರ್ ಪೇಪರ್ ಬಳಸಬಹುದು, ಆದರೆ ಉಜ್ಜುತ್ತಾ ಪುಟ್ಟಿ ಕಂಡರೆ ನೀರು ನಿಲ್ಲಿಸಿ.

ಬಣ್ಣ ಹೊಂದಿಸಲು ಪೆಟ್ರೋಲ್ ಮುಚ್ಚಳದ ಬಾಗಿಲನ್ನು ಬಿಚ್ಚಿ ಪೇಂಟ್ ಅಂಗಡಿಗೆ ಒಯ್ಯಿರಿ. ಹಳೆಯ ಗಾಡಿಯ ಬಣ್ಣ ಬಿಸಿಲಿಗೆ ಮಾಸಿರುತ್ತದೆ, ಕಂಪನಿಯ ಕೋಡ್ ನಂಬಿ ತಂದರೆ ತೇಪೆ ಎದ್ದು ಕಾಣುತ್ತದೆ. ಬಣ್ಣ ಹೊಡೆದು ಪೂರ್ತಿ ಗಟ್ಟಿಯಾದ ಮೇಲೆ 1500, 2000ದ ಕಾಗದ, ಆಮೇಲೆ ರಬ್ಬಿಂಗ್ ಕಾಂಪೌಂಡ್.

ಹಂತ 8: ಹಿಂಬದಿಯನ್ನು ಮುಚ್ಚಿ

ಬಣ್ಣ ಹೊಳೆಯುತ್ತಿದ್ದ ಹಾಗೆ ಕೆಲಸ ಮುಗಿಯಿತು ಅನ್ನಿಸುತ್ತದೆ. ಆದರೆ ನಿಮ್ಮ ರಿಪೇರಿ ಎಷ್ಟು ಮಳೆಗಾಲ ಬಾಳುತ್ತದೆ ಅನ್ನುವುದು ಈ ಹಂತದ ಕೈಯಲ್ಲಿದೆ.

ತಗಡು ತಗಡು ಸೇರುವ ಪ್ರತಿ ಸಂದಿಗೂ, ಪ್ರೈಮರ್ ಮೇಲೆ, ಸೀಮ್ ಸೀಲರ್ ಎಳೆಯಿರಿ. ಒಣಗಿದ ಮೇಲೂ ರಬ್ಬರಿನಂತೆ ಬಾಗುವ ಪೇಸ್ಟ್ ಇದು. ಗಾಡಿ ಅಲುಗಿದರೂ ಬಿರಿಯುವುದಿಲ್ಲ. ಹೊರಗೆ ಕಾಣುವ ಸಂದಿದ್ದರೆ ಅಲ್ಲಿಗೆ ಬಣ್ಣಕ್ಕೂ ಮೊದಲೇ ಎಳೆದಿರಬೇಕು.

ಕೈ ಹೋಗದ ಟೊಳ್ಳುಗಳಿಗೆ, ಅಂದರೆ ರನ್ನಿಂಗ್ ಬೋರ್ಡಿನ ಒಳಗೆ, ಬಾಗಿಲಿನ ತಳ, ಕಮಾನಿನ ಎರಡು ತಗಡಿನ ನಡುವೆ, ಕ್ಯಾವಿಟಿ ವ್ಯಾಕ್ಸ್ ಬಿಡಿ. ಡಬ್ಬಿಯ ಜೊತೆ ಬರುವ ಉದ್ದ ನಳಿಗೆಯನ್ನು ಕಂಡಿಯೊಳಗೆ ಪೂರ್ತಿ ತೂರಿಸಿ, ಬಿಡುತ್ತಾ ನಿಧಾನವಾಗಿ ಹೊರಗೆಳೆಯಿರಿ. ಅದು ಗಟ್ಟಿಯಾಗದೆ ಮೇಣದಂತೆ ಉಳಿದು ಸಂದುಗಳಿಗೆ ಹರಿಯುತ್ತದೆ. ನೀರು ಹೋಗುವ ಕಂಡಿಗಳಿಂದ ಅದು ತೊಟ್ಟಿಕ್ಕತೊಡಗಿದರೆ ಒಳಗೆ ತಲುಪಿದೆ. ಆಮೇಲೆ ಅದೇ ಸೈಕಲ್ ಕಡ್ಡಿ ಹಾಕಿ ಕಂಡಿ ಮತ್ತೆ ಬಿಡಿಸಿ. ವೆಲ್ಡಿಂಗ್ ಬಾಕಿ ಇರುವಾಗ ವ್ಯಾಕ್ಸ್ ಬಿಡಬೇಡಿ, ಹೊತ್ತಿಕೊಳ್ಳುತ್ತದೆ.

ಚಕ್ರದ ಗೂಡಿಗೆ, ನೆಲದ ಅಡಿಗೆ ಅಂಡರ್‌ಬಾಡಿ ಕೋಟಿಂಗ್ ಒಳ್ಳೆಯದೇ. ಆದರೆ ತುಕ್ಕಿನ ಮೇಲೆ, ಒದ್ದೆ ಕೆಸರಿನ ಮೇಲೆ ಹೊಡೆದರೆ ಅದು ತೇವವನ್ನು ಒಳಗೇ ಕೂಡಿಹಾಕುತ್ತದೆ. ಹೊರಗೆ ಕಪ್ಪಗೆ ಚೆಂದ ಕಾಣುತ್ತದೆ, ಒಳಗೆ ತಗಡು ಪುಡಿಯಾಗುತ್ತಿರುತ್ತದೆ. ಕೋಟಿಂಗ್ ಮಾಡಿಸುವಾಗ ಪಕ್ಕದಲ್ಲೇ ನಿಂತು, ನೀರಿನ ಕಂಡಿಗಳಿಗೆ ಟೇಪ್ ಹಚ್ಚಿದ್ದಾರಾ ನೋಡಿ. ಸರ್ವಿಸ್ ಮಾಡುವಾಗ ಅಡಿಗೆ ಡೀಸೆಲ್ ಸ್ಪ್ರೇ ಮಾಡುವ ರೂಢಿ ಹಲವು ಕಡೆ ಇದೆ, ಬೇಡ ಅನ್ನಿ. ಸಸ್ಪೆನ್ಷನ್ ಬುಷ್, ರಬ್ಬರ್‌ಗಳು ಉಬ್ಬಿ ಹಾಳಾಗುತ್ತವೆ.

ಮೇ ತಿಂಗಳಲ್ಲಿ ಒಮ್ಮೆ ಕಂಡಿಗಳನ್ನು ಬಿಡಿಸಿ, ವ್ಯಾಕ್ಸ್ ನೋಡಿ. ಮಳೆಗಾಲದ ನಡುವೆ ಕಾರ್ಪೆಟ್ ಅಡಿಗೆ ಕೈ ಹಾಕಿ ನೋಡಿ. ಒದ್ದೆಯಿದ್ದರೆ ಕಾರ್ಪೆಟ್ ಬಿಸಿಲಿಗೆ ಹಾಕುವುದರ ಜೊತೆಗೆ ಹಂತ 2ಕ್ಕೆ ಹೋಗಿ. ಮನೆಯ ಅಂಗಳದಲ್ಲಿ ಟಾರ್ಪಾಲಿನ್ ಹೊದಿಸಿ ಗಾಡಿ ಮುಚ್ಚಿಡುವವರು ಜಾಸ್ತಿ. ಗಾಳಿಯಾಡದ ಹೊದಿಕೆಯ ಒಳಗೆ ತೇವ ನಿಲ್ಲುತ್ತದೆ. ಮಾಡು ಇರುವ, ಬದಿ ತೆರೆದ ಶೆಡ್ ಅದಕ್ಕಿಂತ ಎಷ್ಟೋ ವಾಸಿ.

ಗ್ಯಾರೇಜಿಗೇ ಕೊಡುವುದಾದರೆ

ಇದನ್ನೆಲ್ಲ ಸ್ವಂತ ಮಾಡಲು ಎಲ್ಲರಿಗೂ ಜಾಗ, ಸಮಯ ಇರುವುದಿಲ್ಲ. ಕೊಡುವ ಮೊದಲು ಟಿಂಕರ್ ಹತ್ತಿರ ನಾಲ್ಕು ವಿಷಯ ಮಾತಾಡಿಕೊಳ್ಳಿ. ತೂತನ್ನು ಕತ್ತರಿಸಿ ತಗಡು ಹಾಕುತ್ತೀರಾ, ಮೇಲಿಂದ ಮುಚ್ಚುತ್ತೀರಾ? ವೆಲ್ಡಿಂಗ್ ಗ್ಯಾಸಿನದಾ, ಸಿಓಟುವಾ? ಪುಟ್ಟಿಗೆ ಮೊದಲು ಎಪಾಕ್ಸಿ ಪ್ರೈಮರ್ ಬೀಳುತ್ತದಾ? ಒಳಗೆ ವ್ಯಾಕ್ಸ್ ಬಿಡುತ್ತೀರಾ? ಕೆಲಸ ಗೊತ್ತಿರುವವರು ಈ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳುವುದಿಲ್ಲ, ಇನ್ನೂ ಖುಷಿಯಿಂದ ವಿವರಿಸುತ್ತಾರೆ. "ಅದೆಲ್ಲ ನಮಗೆ ಬಿಡಿ ಸಾರ್" ಅನ್ನುವವರಿಗೆ ಕೀಲಿ ಕೊಡುವ ಮೊದಲು ಇನ್ನೊಂದು ಗ್ಯಾರೇಜ್ ನೋಡಿ ಬನ್ನಿ.

ಕೊಟ್ಟ ಮೇಲೂ ಒಂದು ಮಾತು ಹೇಳಿಡಿ: ತೇಪೆ ಬೆಸೆದಾದ ಮೇಲೆ, ಪುಟ್ಟಿ ಹಚ್ಚುವ ಮೊದಲು ಫೋನ್ ಮಾಡಿ, ನಾನು ಬಂದು ನೋಡುತ್ತೇನೆ ಅಂತ. ಹೋಗಲಾಗದಿದ್ದರೆ ಆ ಹಂತದ ಫೋಟೊ ತರಿಸಿಕೊಳ್ಳಿ, ಹೊರಬದಿಯದೂ ಹಿಂಬದಿಯದೂ. ಫೋಟೊದಲ್ಲಿ ಹೊಳೆಯುವ ಲೋಹ ಮತ್ತು ಸುತ್ತ ಬಿಟ್ಟುಹೋಗದ ಬೆಸುಗೆಯ ಗೆರೆ ಕಾಣಬೇಕು. ಕಂದು ಚುಕ್ಕೆ ಕಂಡರೆ ಇನ್ನೊಮ್ಮೆ ಕೆರೆಯಲು ಹೇಳಿ.